ಒಂಬತ್ತು ವಾರದಿಂದ ತೂಕ 72.5ರಲ್ಲೇ ಕೂತಿದೆ. ಇನ್ನು ಏನು ಬಿಡಲಿ?

ಕೆರೆ ಏರಿ ಅಕ್ಕ (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನನಗೆ 43 ವರ್ಷ, ಎತ್ತರ 158 ಸೆಂಟಿಮೀಟರ್. ಸರಸ್ವತಿಪುರಂನಲ್ಲಿ ಮನೆ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕುರ್ಚಿಗೆ ಅಂಟಿಕೊಂಡಿರುತ್ತೇನೆ. ಯುಗಾದಿ ಹೊತ್ತಿಗೆ 81 ಕೆಜಿ ಇದ್ದೆ. ಹಬ್ಬಕ್ಕೆ ಉಡೋಣ ಅಂತ ಬೀರು ತೆಗೆದರೆ ಒಂದು ಬ್ಲೌಸಿನ ಹುಕ್ಕೂ ಕೂಡಲಿಲ್ಲ. ಅವತ್ತೇ ಶುರು ಮಾಡಿದೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು, ಮನೆಯಿಂದ ಮನೆಗೆ 6 ಕಿಲೋಮೀಟರ್. ಕಾಫಿಗೆ ಸಕ್ಕರೆ ಬಿಟ್ಟೆ. ರಾತ್ರಿ ಅನ್ನ ಬಿಟ್ಟು ರಾಗಿ ಮುದ್ದೆ. ಬೇಕರಿ ಕಡೆ ತಲೆ ಹಾಕಲಿಲ್ಲ. ಮೊದಲ ತಿಂಗಳೇ ಮೂರು ಕೆಜಿ ಇಳಿಯಿತು. ಆಮೇಲೆ ನಿಧಾನಕ್ಕೆ ಇಳೀತಾ ಇಳೀತಾ ಗಣೇಶನ ಹಬ್ಬದ ಹೊತ್ತಿಗೆ 72.5ಕ್ಕೆ ಬಂದೆ.

ಅಲ್ಲಿಗೆ ನಿಂತಿತು ನೋಡಿ. ಒಂಬತ್ತು ವಾರ ಆಯಿತು. ಒಂದು ದಿನ 72.1, ಮಾರನೇ ದಿನ 73, ಮತ್ತೆ 72.5. ನಾನು ಏನನ್ನೂ ಬದಲಾಯಿಸಿಲ್ಲ, ಅದೇ ವಾಕಿಂಗ್, ಅದೇ ಊಟ. 65ಕ್ಕೆ ಬರಬೇಕು ಅನ್ನುವುದು ನನ್ನ ಆಸೆ. ಅತ್ತೆ "ಸಾಕು ಬಿಡಮ್ಮ, ಮುಖ ಇಳಿದು ಹೋಗಿದೆ" ಅನ್ನುತ್ತಾರೆ. ನಮ್ಮನೆಯವರು ತಕ್ಕಡಿ ಕೆಟ್ಟಿರಬೇಕು ಅನ್ನುತ್ತಾರೆ. ರಾತ್ರಿ ಊಟವನ್ನೇ ಬಿಟ್ಟುಬಿಡೋಣ ಅಂತ ಯೋಚನೆ ಬಂದಿದೆ. ಹೀಗೆ ನಿಂತು ಮತ್ತೆ ಇಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಾವಿರ ಮೆಟ್ಟಿಲು (ಮೈಸೂರು)

ಅಕ್ಕ, ಗಣೇಶನ ಹಬ್ಬದಿಂದ ಒಂಬತ್ತು ವಾರ ಅಂದರೆ ಮಧ್ಯೆ ದಸರಾ, ದೀಪಾವಳಿ ಎರಡೂ ಬಂದು ಹೋದವಲ್ವಾ? ಮೈಸೂರಿನಲ್ಲಿ ಮನೆ ಇಟ್ಟುಕೊಂಡು ದಸರಾಕ್ಕೆ ನೆಂಟರು ಬರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ನಮ್ಮ ಮನೆಗೆ ಹನ್ನೊಂದು ಜನ ಬಂದಿದ್ದರು, ಹತ್ತು ದಿನ ಒಲೆ ಆರಲಿಲ್ಲ. ಎರಡು ಹಬ್ಬ ದಾಟಿಯೂ ತೂಕ ಏರಿಲ್ಲ ಅಂದರೆ ನೀವು ಗೆದ್ದಿದ್ದೀರಿ ಅಂತಲೇ ನನ್ನ ಲೆಕ್ಕ.

ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಬನ್ನಿ. ಪೂರ್ತಿ ಸಾವಿರ ಬೇಡ, ನಂದಿವರೆಗೆ ಸುಮಾರು 700, ಮೊದಮೊದಲು ಅಷ್ಟೇ ಸಾಕು. ಇಳಿಯುವಾಗ ಮಾತ್ರ ಹುಷಾರು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ.

ಹೆಲ್ತ್ ಮಂತ್ರ 24

ಮೇಡಂ ಚಿಂತೆ ಬಿಡಿ, ನಮ್ಮ ಹರ್ಬಲ್ ಪೌಡರ್ 21 ದಿನ ತಗೊಂಡರೆ 8 ಕೆಜಿ ಗ್ಯಾರಂಟಿ. ಡಯಟ್ ಬೇಡ, ವಾಕಿಂಗ್ ಬೇಡ. ಇನ್‌ಬಾಕ್ಸ್‌ಗೆ ಬನ್ನಿ.

ಲೆಕ್ಕದ ಮೇಷ್ಟ್ರು (ಮಂಡ್ಯ)

ಮೇಲಿನ ಪೌಡರ್ ಸ್ವಾಮಿಗಳೇ, 21 ದಿನಕ್ಕೆ 8 ಕೆಜಿ ಕೊಬ್ಬು ಕರಗಬೇಕು ಅಂದರೆ ದಿನಕ್ಕೆ ಮೂರು ಸಾವಿರ ಕ್ಯಾಲೊರಿ ಕಡಿಮೆ ಬೀಳಬೇಕು. ಅವರ ಮೈ ದಿನಕ್ಕೆ ಖರ್ಚು ಮಾಡುವುದೇ ಎರಡು ಸಾವಿರದ ಒಳಗೆ. ಗಾಳಿ ಕುಡಿದುಕೊಂಡಿದ್ದರೂ ಆಗುವುದಿಲ್ಲ. ಮುಂದೆ ಹೋಗಿ.

ಈಗ ಅಕ್ಕಾವ್ರ ವಿಷಯ. ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ, ನನ್ನ ಕಸುಬೇ ಅದು.

ಸುಮ್ನೆ ಮಲಗಿದ್ದರೂ ಮೈಗೆ ಒಂದಷ್ಟು ಖರ್ಚು ಇದ್ದೇ ಇರುತ್ತದೆ. ಅದನ್ನು ಅಂದಾಜು ಮಾಡುವುದಕ್ಕೆ 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಅನ್ನುವ ಸೂತ್ರವಿದೆ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿ. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಿರಿ, ಹೆಂಗಸರಾದರೆ ಇನ್ನೂ 161 ಕಳೆಯಿರಿ. 81 ಕೆಜಿ ಇದ್ದಾಗ ನಿಮಗೆ ಬರುತ್ತಿದ್ದದ್ದು ದಿನಕ್ಕೆ ಸುಮಾರು 1420 ಕ್ಯಾಲೊರಿ. ಈಗ 1335. ಅಲ್ಲಿಗೆ 85 ಕಡಿಮೆ ಆಯಿತು. ಆರು ಕಿಲೋಮೀಟರ್ ನಡೆಯುವಾಗಲೂ ಎಂಟೂವರೆ ಕೆಜಿ ಹೊರೆ ಕಡಿಮೆ, ಅದರಿಂದ ಇನ್ನೊಂದು 35. ಒಟ್ಟು 120. ಯುಗಾದಿಯಲ್ಲಿ ನಿಮ್ಮ ಮೈ ಕೇಳುತ್ತಿದ್ದುದಕ್ಕಿಂತ ಈಗ ದಿನಕ್ಕೆ ಅಷ್ಟು ಕಡಿಮೆ ಕೇಳುತ್ತಿದೆ. ಎಂಟೂವರೆ ಕೆಜಿ ಅಂದರೆ ಸುಮ್ನೆ ಅಲ್ಲ ಅಕ್ಕಾ, ಒಂದು ಚಿಕ್ಕ ಅಕ್ಕಿ ಮೂಟೆ ಕೆಳಗಿಟ್ಟಿದ್ದೀರಿ.

ಈಗ ಇನ್ನೊಂದು ಕಡೆಯಿಂದ ಬನ್ನಿ. ಮೊದಲ ತಿಂಗಳ ಮೂರು ಕೆಜಿ ಪೂರ್ತಿ ಕೊಬ್ಬಲ್ಲ. ಪಿತ್ತಜನಕಾಂಗ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಪಿಷ್ಟ ಕೂಡಿಟ್ಟಿರುತ್ತದೆ, ಅದರ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ತಕ್ಷಣ ಅದು ಖಾಲಿ, ನೀರೂ ಖಾಲಿ. ಅದಕ್ಕೆ ಒಂದೂವರೆ ಕೆಜಿ ಬಿಟ್ಟುಬಿಡೋಣ. ಉಳಿದದ್ದು ಏಳು ಕೆಜಿ. ಕೆಜಿಗೆ 7,700 ಕ್ಯಾಲೊರಿ ಅಂತ ಹಿಡಿದು ಯುಗಾದಿಯಿಂದ ಗಣೇಶನ ಹಬ್ಬದವರೆಗಿನ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 320 ಉಳಿತಾಯ ಮಾಡುತ್ತಿದ್ದಿರಿ. ಅದರಲ್ಲಿ 120 ಮೈ ಹಗುರಾಗಿ ಹೋಯಿತು. ಉಳಿದ 200 ಎಲ್ಲಿ ಸೋರುತ್ತಿದೆ? "ಏನನ್ನೂ ಬದಲಾಯಿಸಿಲ್ಲ" ಅಂದಿರಲ್ಲ, ನನ್ನ ಅನುಮಾನ ಆ ಮಾತಿನ ಮೇಲೆಯೇ.

ಇವೆಲ್ಲ ಅಂದಾಜು, ಹತ್ತಿಪ್ಪತ್ತು ಆಚೀಚೆ ಆಗುತ್ತದೆ. ಆದರೆ ಇನ್ನು ಏನು ಬಿಡಲಿ ಅಂತ ಕೇಳುವ ಮೊದಲು ಒಂದು ವಾರ ಏನೂ ಬಿಡದೆ, ಏನೂ ಮುಚ್ಚಿಡದೆ ಬರೆದಿಡಿ. ಸಾರಿಗೆ ಹಾಕಿದ ಒಗ್ಗರಣೆ ಎಣ್ಣೆಯನ್ನೂ ಸೇರಿಸಿ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ, ರಾಗಿಯಲ್ಲಾಗಲಿ ಅಕ್ಕಿಯಲ್ಲಾಗಲಿ ಅದರ ಅರ್ಧವೂ ಇಲ್ಲ.

ಅಚ್ಚು ಬೆಲ್ಲ (ಮಂಡ್ಯ ತಾಲ್ಲೂಕು)

ಮೇಷ್ಟ್ರು ಹೇಳಿದ್ದು ಸರಿ ಕಣಕ್ಕಾ. ನಂದೂ ಇದೇ ಕತೆ. 94ರಿಂದ 86ಕ್ಕೆ ಬಂದು ನಾಲ್ಕು ತಿಂಗಳು ಅಲ್ಲೇ ಗೂಟ ಹೊಡೆದ ಹಾಗೆ ನಿಂತಿದ್ದೆ.

ನಮ್ಮದು ಕಬ್ಬಿನ ಮನೆ. ಊರಲ್ಲಿ ಆಲೆಮನೆ ಇದೆ. ಯಾರೋ ಹೇಳಿದರು ಸಕ್ಕರೆ ವಿಷ, ಬೆಲ್ಲ ಅಮೃತ ಅಂತ. ನನಗೂ ಖುಷಿಯಾಯಿತು, ಮನೇಲೇ ಇದೆಯಲ್ಲ. ಸಕ್ಕರೆ ಒಂದು ಚಮಚ ಹಾಕುತ್ತಿದ್ದವನು ಟೀಗೆ ಅರ್ಧ ಅಚ್ಚು ಬೆಲ್ಲ ಹಾಕಲು ಶುರು ಮಾಡಿದೆ. ಒಂದು ದಿನ ತಲೆ ಕೆಟ್ಟು ಅಡುಗೆ ಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದು ಅಚ್ಚು 22 ಗ್ರಾಂ. ಅರ್ಧ ಅಂದರೆ 11. ದಿನಕ್ಕೆ ನಾಲ್ಕು ಟೀ. ಬೆಲ್ಲ ನೂರು ಗ್ರಾಮಿಗೆ 380 ಕ್ಯಾಲೊರಿ ಹತ್ತಿರ, ಸಕ್ಕರೆ 400. ಅಲ್ಲಿಗೆ ದಿನಕ್ಕೆ 165. ಮೊದಲು ಸಕ್ಕರೆ ಹಾಕುತ್ತಿದ್ದಾಗ 80 ಇತ್ತು. ಅಮೃತ ಅಂತ ಎರಡರಷ್ಟು ಕುಡಿಯುತ್ತಿದ್ದೆ. ಬೆಲ್ಲದ ಮೇಲೆ ನನಗೇನೂ ಸಿಟ್ಟಿಲ್ಲ, ಅನ್ನ ಹಾಕಿದ ಬೆಳೆ. ಲೆಕ್ಕ ತಪ್ಪಿದ್ದು ನಾನು.

ಮುದ್ದೆ ವಿಷಯವೂ ಹಂಗೇನೆ. ನಮ್ಮಪ್ಪ ಎರಡು ಮುದ್ದೆ ನುಂಗಿ ಗದ್ದೆಗೆ ಇಳಿದರೆ ಹೊತ್ತು ಮುಳುಗುವ ತನಕ ಬರುತ್ತಿರಲಿಲ್ಲ. ನಾನು ಅದೇ ಎರಡು ಮುದ್ದೆ ನುಂಗಿ ಫ್ಯಾನ್ ಕೆಳಗೆ ಕೂರುತ್ತೇನೆ. ರಾಗಿ ಒಳ್ಳೇದೇ, ನಾರು ಜಾಸ್ತಿ, ಸುಣ್ಣದಂಶ (ಕ್ಯಾಲ್ಸಿಯಂ) ಜಾಸ್ತಿ, ಹೊಟ್ಟೆ ತಡೆಯುತ್ತದೆ. ಆದರೆ ಹಿಟ್ಟು ಹಿಟ್ಟೇ. ನೂರು ಗ್ರಾಂ ರಾಗಿ ಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಿಮ್ಮ ಮುದ್ದೆ ಗಾತ್ರ ಎಷ್ಟು ಅಕ್ಕಾ? ನಿಂಬೆ ಹಣ್ಣೋ, ಕಿತ್ತಳೆಯೋ, ನಮ್ಮೂರ ಮದುವೆ ಮನೆ ಮುದ್ದೆಯೋ?

ಕೆರೆ ಏರಿ ಅಕ್ಕ

ಅಯ್ಯೋ ಮುದ್ದೆ ಗಾತ್ರ ಕೇಳಿದರೆ ನಾಚಿಕೆ ಆಗುತ್ತದೆ. ಅತ್ತೆ ಕಟ್ಟುತ್ತಾರೆ, ಅವರ ಕೈ ದೊಡ್ಡದು. ಸಣ್ಣದು ಕಟ್ಟಿ ಅಂದರೆ "ಅದೇನು ಮಗೂಗೆ ತಿನ್ನಿಸೋದಾ" ಅನ್ನುತ್ತಾರೆ. ಇವತ್ತು ತೂಗಿ ನೋಡುತ್ತೇನೆ.

ಮೇಷ್ಟ್ರೇ, ಬರೆದಿಡುತ್ತೇನೆ. ಆದರೆ 200 ಕಡಿಮೆ ಮಾಡಲೇಬೇಕು ಅಂದರೆ ರಾತ್ರಿ ಊಟ ಬಿಡುವುದೇ ಸುಲಭ ಅಲ್ವಾ? ಒಂದೇ ಏಟಿಗೆ ಮುಗಿಯುತ್ತದೆ.

ಮಂಡಿ ನೋವು ವಿಭಾಗ (ಮೈಸೂರು, ಫಿಸಿಯೋಥೆರಪಿಸ್ಟ್)

ದಯವಿಟ್ಟು ಬೇಡ. ಊಟ ಬಿಟ್ಟವರು ನನ್ನ ಹತ್ತಿರ ಬರುವುದು ಆರು ತಿಂಗಳಾದ ಮೇಲೆ, ಮಂಡಿ ಹಿಡಿದುಕೊಂಡು, ಬಿಟ್ಟ ತೂಕವನ್ನೂ ಬಡ್ಡಿ ಸಮೇತ ಹೊತ್ತುಕೊಂಡು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದರು. ಅವರೇ ಒಪ್ಪಿ ಬಂದವರು. ಆರು ತಿಂಗಳು ಅರೆಹೊಟ್ಟೆ. ತೂಕ ಕಾಲು ಭಾಗ ಇಳಿಯಿತು, ಸರಿ. ಆದರೆ ಮೈ ಖರ್ಚನ್ನು ತೂಕಕ್ಕಿಂತ ಜಾಸ್ತಿ ಇಳಿಸಿಕೊಂಡಿತು. ಸದಾ ಚಳಿ, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ, ಇಡೀ ದಿನ ಊಟದ್ದೇ ಯೋಚನೆ. ನೀವು ಆ ಮಟ್ಟಕ್ಕೆ ಹೋಗಿಲ್ಲ, ಆದರೆ ಮೈಯ ಬುದ್ಧಿ ಅದೇ. ಆದಾಯ ಕಡಿಮೆ ಆದ ಮನೆಯಲ್ಲಿ ಗೃಹಿಣಿ ಹೇಗೆ ಕೈ ಬಿಗಿ ಹಿಡಿಯುತ್ತಾಳೋ ಹಾಗೆ. ನಿಮಗೇ ಗೊತ್ತಿಲ್ಲದೆ ಕೂತಲ್ಲೇ ಜಾಸ್ತಿ ಕೂರುತ್ತೀರಿ, ಮಹಡಿಗೆ ಎರಡು ಸಲ ಹೋಗುವ ಬದಲು ಮಗನನ್ನು ಕಳಿಸುತ್ತೀರಿ.

ನನಗೆ ನಿಮ್ಮ ಪೋಸ್ಟಿನಲ್ಲಿ ಕಾಣದೇ ಇದ್ದದ್ದು ಎರಡು. ಒಂದು, ಕಾಳು, ಮೊಟ್ಟೆ, ಮೊಸರಿನ ಮಾತೇ ಇಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಮಾಣ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ನಿಮಗೆ 60 ಗ್ರಾಂ ಆಯಿತು. ತೂಕ ಇಳಿಸುವಾಗ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಒಂದು ಮೊಟ್ಟೆಯಲ್ಲಿ ಸಿಗುವುದು 6. ಹಸಿ ಹುರುಳಿಕಾಳು ನೂರು ಗ್ರಾಮಿನಲ್ಲಿ 22ರ ಹತ್ತಿರ. ಬಸ್ಸಾರು ಮಾಡಿದಾಗ ಸಾರನ್ನು ಮುದ್ದೆಗೆ ಸುರಿದುಕೊಂಡು ಪಲ್ಯವನ್ನು ಎರಡು ಚಮಚ ಹಾಕಿಕೊಳ್ಳುತ್ತೀರಲ್ಲ, ಅದನ್ನು ತಿರುಗಿಸಿ. ಪಲ್ಯ ತಟ್ಟೆ ತುಂಬ, ಮುದ್ದೆ ಚಿಕ್ಕದು. ಅವರೆಕಾಯಿ ಕಾಲ ಬರುತ್ತಿದೆ, ಹಿತಕಿದ ಬೇಳೆ ಧಾರಾಳವಾಗಿ ತಿನ್ನಿ, ತೆಂಗಿನಕಾಯಿ ಮಾತ್ರ ನೋಡಿಕೊಂಡು.

ಎರಡು, ಬರೀ ನಡಿಗೆ. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ನಲವತ್ತು ದಾಟಿದ ಹೆಂಗಸರಲ್ಲಿ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ಜಿಮ್ ಬೇಡ. ಊಟದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈ ಕೊಟ್ಟು ಹತ್ತು ದಂಡ (ಪುಷ್‌ಅಪ್). ಎರಡು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸಿ. ವಾರಕ್ಕೆ ಮೂರು ದಿನ. ಶುರುವಿನಲ್ಲಿ ಸ್ನಾಯು ಊದಿ ನೀರು ಹಿಡಿದು ತೂಕ ಅರ್ಧ ಕೆಜಿ ಏರಬಹುದು, ಆಗ ಹೆದರಿ ಬಿಡಬೇಡಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಇವತ್ತೇ ಅಳತೆ ಬರೆದಿಟ್ಟುಕೊಳ್ಳಿ. ಮುಟ್ಟಿನ ಹಿಂದಿನ ವಾರ, ಉಪ್ಪಿನಕಾಯಿ ಉಪ್ಪುಸಾರು ಜಾಸ್ತಿ ಆದ ಮಾರನೇ ದಿನ, ಒಂದು ಒಂದೂವರೆ ಕೆಜಿ ನೀರು ನಿಲ್ಲುವುದು ಮಾಮೂಲು. ಅದಕ್ಕೇ ದಿನದ ತೂಕ ನೋಡಿ ಅಳಬೇಡಿ, ಏಳು ದಿನದ್ದು ಕೂಡಿ ಏಳರಿಂದ ಭಾಗಿಸಿ.

ಸುಸ್ತು, ಕೂದಲು ಉದುರುವುದು, ಚಳಿ ತಡೆಯದೇ ಇರುವುದು, ಮುಟ್ಟು ಏರುಪೇರು, ಇವೇನಾದರೂ ಇದ್ದರೆ ನಿಮ್ಮ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಮಾತ್ರೆಗಳು ತೂಕ ಇಳಿಯಲು ಬಿಡುವುದಿಲ್ಲ.

ಸಾವಿರ ಮೆಟ್ಟಿಲು

ಗೋಡೆಗೆ ದಂಡ ಹೊಡೆಯುವ ಐಡಿಯಾ ಚೆನ್ನಾಗಿದೆ. ನಮ್ಮ ಮನೆ ಗೋಡೆ ತಡೆಯುತ್ತದೋ ಇಲ್ಲವೋ, ಅದೇ ಅನುಮಾನ.

ಕೆರೆ ಏರಿ ಅಕ್ಕ (ಐದು ವಾರದ ನಂತರ)

ಬರೆಯುತ್ತೇನೆ ಅಂದು ಮಾಯ ಆಗಿದ್ದಕ್ಕೆ ಕ್ಷಮೆ ಇರಲಿ. ಮೊದಲು ತಪ್ಪೊಪ್ಪಿಗೆ. "ಅದೇ ವಾಕಿಂಗ್, ಅದೇ ಊಟ" ಅಂತ ಬರೆದಿದ್ದೆನಲ್ಲ, ಎರಡೂ ಸುಳ್ಳು. ಬೇಕು ಅಂತ ಹೇಳಿದ ಸುಳ್ಳಲ್ಲ, ನಾನೇ ನಂಬಿಕೊಂಡಿದ್ದೆ.

ಫೋನಿನಲ್ಲಿ ಹಳೆಯ ಲೆಕ್ಕ ತೆಗೆದು ನೋಡಿದೆ. ಏಪ್ರಿಲ್‌ನಲ್ಲಿ ಒಬ್ಬಳೇ ಹೋಗುತ್ತಿದ್ದೆ, ದಿನಾ 6 ಕಿಲೋಮೀಟರ್. ಆಗಸ್ಟ್ ಕೊನೆಗೆ ಕೆರೆ ಹತ್ತಿರ ಮೂವರು ಗೆಳತಿಯರು ಸಿಕ್ಕರು. ಒಳ್ಳೆಯ ಜನ, ಮಾತು ಮುಗಿಯುವುದಿಲ್ಲ. ಪೂರ್ತಿ ಸುತ್ತು ಹಾಕುವ ಬದಲು ಸ್ವಲ್ಪ ದೂರ ಹೋಗಿ ಕಲ್ಲುಬೆಂಚಿನಲ್ಲಿ ಕೂತು, ನೀರಿನ ಮೇಲೆ ಹಕ್ಕಿ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ಸು. ಹೊತ್ತು ಅಷ್ಟೇ ಆಗುತ್ತಿತ್ತು, ಆದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ಫೋನ್ ತೋರಿಸುವುದು 3.8, ಕೆಲವು ದಿನ 3.5. ಬರುವಾಗ ಹೋಟೆಲಿನಲ್ಲಿ ಬೈಟು ಕಾಫಿ, ಇಬ್ಬರಿಗೆ ಒಂದು ಉದ್ದಿನ ವಡೆ. ಅರ್ಧ ವಡೆಯನ್ನು ನಾನು ತಿಂಡಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೈಟು ಕಾಫಿಯಲ್ಲಿ ಸಕ್ಕರೆ ಅವರೇ ಹಾಕಿರುತ್ತಾರೆ, ಅದೂ ನೆನಪಿರಲಿಲ್ಲ.

ಮುದ್ದೆ ತೂಗಿದೆ. 340 ಗ್ರಾಂ! ಹಿಟ್ಟಿನ ಲೆಕ್ಕದಲ್ಲಿ ನೂರಕ್ಕೂ ಮೇಲೆ. ಈಗ ಅತ್ತೆಗೆ ಬಿಡದೆ ನಾನೇ ಕಟ್ಟುತ್ತೇನೆ, 200ಕ್ಕೆ ಇಳಿದಿದೆ, ಪಕ್ಕದಲ್ಲಿ ಹುರುಳಿಕಾಳು ಪಲ್ಯ ಒಂದು ಬಟ್ಟಲು. ಹೊಟ್ಟೆ ಹಸಿಯುವುದಿಲ್ಲ, ಅದೇ ಆಶ್ಚರ್ಯ.

ಎಣ್ಣೆಗೆ ಮೇಷ್ಟ್ರ ಮಾತು ಕೇಳಿ ಐದು ಲೀಟರ್ ಕ್ಯಾನಿನ ಮೇಲೆ ಮಾರ್ಕರಿನಲ್ಲಿ ವಾರಕ್ಕೊಂದು ಗೆರೆ ಎಳೆದೆ. ನಾಲ್ಕು ಜನಕ್ಕೆ ತಿಂಗಳಿಗೆ ಪೂರ್ತಿ ಕ್ಯಾನ್ ಆಗುತ್ತಿತ್ತು. ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ ಬರೀ ಎಣ್ಣೆ, ತುಪ್ಪ ಕಾಯಿ ಬಿಟ್ಟು. ಈಗ ಮೂರೂವರೆ ಲೀಟರಿಗೆ ಬಂದಿದೆ. ಬೇರೆ ಏನೂ ಮಾಡಲಿಲ್ಲ, ಬಾಟಲಿಯಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕುತ್ತಿದ್ದೇನೆ, ಅಷ್ಟೇ. ಅತ್ತೆ ಗೆರೆ ನೋಡಿ "ಇದೇನು ಪೆಟ್ರೋಲ್ ಬಂಕಾ" ಅಂದರು. ಎರಡನೇ ವಾರ ಅವರೇ ಬಂದು "ಈ ಸಲ ಎಲ್ಲಿಗೆ ಬಂತು" ಅಂತ ಕೇಳಿದರು.

ತಕ್ಕಡಿ ವಿಷಯದಲ್ಲಿ ನಮ್ಮನೆಯವರೇ ಗೆದ್ದರು, ಒಪ್ಪಿಕೊಳ್ಳಬೇಕು. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ಹಾಲಿನಲ್ಲಿ ಇಟ್ಟರೆ 72.4, ಬಚ್ಚಲು ಬಾಗಿಲ ಹತ್ತಿರ 73.2, ಎರಡು ನಿಮಿಷದ ಅಂತರದಲ್ಲಿ. ನೆಲ ಅಲ್ಲಿ ಸ್ವಲ್ಪ ತಗ್ಗಿದೆ. ಈಗ ಹಾಲಿನಲ್ಲಿ ಒಂದು ಕಡೆ ಸೀಮೆಸುಣ್ಣದಲ್ಲಿ ಚೌಕ ಬರೆದು ಅಲ್ಲೇ ಇಡುತ್ತೇನೆ.

ಟಿಎಸ್‌ಎಚ್ ನೋಡಿಸಿದೆ, ಸರಿ ಇದೆ. ಕುರ್ಚಿಯಿಂದ ಎದ್ದು ಕೂರುವುದು ಹತ್ತರಿಂದ ಇಪ್ಪತ್ತೈದಕ್ಕೆ ಬಂದಿದೆ. ಮೊದಲ ಎರಡು ವಾರ ತೂಕ ಜಗ್ಗಲಿಲ್ಲ, 72.8 ಕೂಡ ಆಯಿತು, ಮಂಡಿ ನೋವು ಮೇಡಂ ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಈ ವಾರದ ಸರಾಸರಿ 71.3. ಸೊಂಟ 96 ಇದ್ದದ್ದು 93.

ಗೆಳತಿಯರನ್ನು ಬಿಡುವ ಮನಸ್ಸಿಲ್ಲ. ಪೂರ್ತಿ ಸುತ್ತು ಹಾಕಿ ಆಮೇಲೆ ಬೆಂಚು ಅಂತ ಒಪ್ಪಂದ ಆಗಿದೆ. ವಡೆ ಭಾನುವಾರ ಮಾತ್ರ.

ಅಚ್ಚು ಬೆಲ್ಲ

ಭಾನುವಾರ ಪೂರ್ತಿ ವಡೆ ತಿನ್ನಿ ಅಕ್ಕಾ, ಅರ್ಧ ತಿಂದರೆ ಇನ್ನರ್ಧದ್ದೇ ಯೋಚನೆ. ನಾನು 83ಕ್ಕೆ ಬಂದೆ. ಆಲೆಮನೆ ಶುರುವಾಗಿದೆ, ಬಿಸಿ ಬೆಲ್ಲ ವಾಸನೆ ಬೀದಿ ತುಂಬ ಬರುತ್ತಿದೆ, ನನಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ.

ಲೆಕ್ಕದ ಮೇಷ್ಟ್ರು

ಎಣ್ಣೆಯಲ್ಲಿ 100, ವಡೆ ಕಾಫಿಯಲ್ಲಿ ಇನ್ನೊಂದು ನೂರರ ಹತ್ತಿರ, ನಡಿಗೆಯಲ್ಲಿ ಎರಡು ಕಿಲೋಮೀಟರಿನ 100. ನಾನು ಕೇಳಿದ್ದು 200, ನೀವು 300 ಹುಡುಕಿಕೊಟ್ಟಿದ್ದೀರಿ, ಮುದ್ದೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. 68ರ ಹತ್ತಿರ ಬಂದಾಗ ಮತ್ತೆ ನಿಲ್ಲುತ್ತದೆ, ಆಗ ಈ ಕ್ಯಾನಿನ ಫೋಟೋ ತೆಗೆದುಕೊಂಡು ಬನ್ನಿ.